ಕೆಳಸ್ವರದ ಸಂಚಾರಿ ಮೈಕ್ ವಾಟ್

ರಾಕ್ ತಂಡಗಳಲ್ಲಿ ಬೇಸ್ ಗಿಟಾರ್ ನುಡಿಸುವವನ ಹೆಸರು ಅಭಿಮಾನಿಗಳಿಗೂ ನೆನಪಿರುವುದು ಅಪರೂಪ. ಹಾಡುವವ ಮುಂದೆ, ಗಿಟಾರಿನವ ಅವನ ಪಕ್ಕ, ಬೇಸಿನವ ಡ್ರಮ್ಸಿನ ಮಗ್ಗುಲಲ್ಲೆಲ್ಲೋ. ಅಮೆರಿಕದ ಪಂಕ್ ತಂಡ ಮಿನಿಟ್‌ಮೆನ್ ಈ ಪಂಕ್ತಿಭೇದವನ್ನು ಒಪ್ಪಲಿಲ್ಲ. ಅವರ ಹಾಡುಗಳಲ್ಲಿ ಗಿಟಾರ್ ತೆಳ್ಳಗೆ, ಚೂಪಾಗಿ ಮೇಲಿನ ಸ್ವರಗಳಲ್ಲೇ ಓಡುತ್ತದೆ. ಕೆಳಗಿನ ಬಯಲೆಲ್ಲ ಬೇಸಿನ ಪಾಲು. ಇದು ಬೇಕೆಂದೇ ಮಾಡಿದ್ದು. ತಂಡದೊಳಗೆ ಮೇಲುಕೀಳು ಸಲ್ಲದೆಂಬ ರಾಜಕೀಯ ಹಟ ಗಾಯಕ, ಗಿಟಾರಿಸ್ಟ್ ಡಿ. ಬೂನ್‌ಗೆ ಇತ್ತು. ಅದು ಅವನ ಆಂಪ್ಲಿಫೈಯರಿನ ಗುಂಡಿಗಳವರೆಗೂ ಇಳಿದಿತ್ತು. ಆ ಬಯಲಿನಲ್ಲಿ ಮನಸೋ ಇಚ್ಛೆ ಓಡಾಡಿದವನು ಮೈಕ್ ವಾಟ್.

ವಾಟ್ ಹುಟ್ಟಿದ್ದು 1957ರಲ್ಲಿ, ವರ್ಜೀನಿಯಾದ ಪೋರ್ಟ್ಸ್‌ಮೌತ್‌ನಲ್ಲಿ. ತಂದೆ ನೌಕಾಪಡೆಯವರು. ಅವರ ಕೆಲಸದ ಜತೆಗೆ ಸಂಸಾರ ಲಾಸ್ ಏಂಜಲಿಸ್‌ನ ಬಂದರು ಪ್ರದೇಶ ಸ್ಯಾನ್ ಪೆಡ್ರೋಗೆ ಬಂತು. ಅಲ್ಲಿನ ಪಾರ್ಕಿನಲ್ಲಿ ಯುದ್ಧದಾಟ ಆಡುತ್ತಿದ್ದ ಹುಡುಗನೊಬ್ಬ, ಇವನನ್ನು ತನ್ನ ಗೆಳೆಯನೆಂದುಕೊಂಡು ಮರದಿಂದ ಧೊಪ್ಪನೆ ಹಾರಿದ. ಅವನೇ ಬೂನ್. ನಮ್ಮ ಹುಡುಗ ಗಿಟಾರ್ ನುಡಿಸಲಿ, ನೀನು ಬೇಸ್ ಹಿಡಿ ಎಂದವರು ಬೂನ್‌ನ ತಾಯಿ. ಬೇಸ್ ಎಂದರೇನೆಂದು ವಾಟ್‌ಗೆ ಗೊತ್ತಿರಲಿಲ್ಲ. ಸಾದಾ ಗಿಟಾರಿಗೆ ನಾಲ್ಕೇ ತಂತಿ ಕಟ್ಟಿಕೊಂಡು ಶುರುಮಾಡಿದ.

ಪರರ ಹಾಡು ನುಡಿಸುತ್ತಿದ್ದ ಈ ಹುಡುಗರಿಗೆ, ಹಾಡು ಕಟ್ಟಲು ಯಾರ ಅಪ್ಪಣೆಯೂ ಬೇಡ ಎಂದು ತೋರಿಸಿಕೊಟ್ಟದ್ದು ಎಪ್ಪತ್ತರ ದಶಕದ ಕೊನೆಯ ಪಂಕ್. 1980ರಲ್ಲಿ ಮಿನಿಟ್‌ಮೆನ್ ಹುಟ್ಟಿತು, ಜಾರ್ಜ್ ಹರ್ಲಿ ಡ್ರಮ್ಸಿಗೆ ಬಂದ. ಮೊದಲ ರೆಕಾರ್ಡು ‘ಪ್ಯಾರನಾಯ್ಡ್ ಟೈಮ್’ನಲ್ಲಿ ಏಳು ಹಾಡು, ಎಲ್ಲ ಸೇರಿ ಏಳು ನಿಮಿಷವೂ ಇಲ್ಲ. 1984ರಲ್ಲಿ ಬಂದ ‘ಡಬಲ್ ನಿಕಲ್ಸ್ ಆನ್ ದ ಡೈಮ್’ ಎರಡು ತಟ್ಟೆಗಳ, 45 ಹಾಡುಗಳ ಆಲ್ಬಂ. ಹೆಸರಲ್ಲೇ ಚೇಷ್ಟೆ: ಡಬಲ್ ನಿಕಲ್ಸ್ ಎಂದರೆ ಜೋಡಿ ಐದು, ಅಂದರೆ 55. ಗಂಟೆಗೆ 55 ಮೈಲಿಯ ಮಿತಿಯಲ್ಲಿ ತನಗೆ ಕಾರು ಓಡಿಸಲಾಗದೆಂದು ರಾಕ್ ಗಾಯಕ ಸ್ಯಾಮಿ ಹೇಗರ್ ಹಾಡಿದ್ದರೆ, ಇವರು ಮುಖಪುಟದಲ್ಲಿ ಸ್ಪೀಡೋಮೀಟರಿನ ಮುಳ್ಳನ್ನು ಸರಿಯಾಗಿ 55ಕ್ಕೆ ನಿಲ್ಲಿಸಿ, ಚಾಲಕನ ಸೀಟಿನಲ್ಲಿ ವಾಟ್‌ನನ್ನು ಕೂರಿಸಿದರು. ಸಾಹಸವೆಲ್ಲ ಸಂಗೀತದಲ್ಲಿ, ರಸ್ತೆಯಲ್ಲಲ್ಲ! ಖರ್ಚಿನಲ್ಲೂ ಅದೇ ಹತೋಟಿ. ವ್ಯಾನ್ ಓಡಿಸುವುದು, ಸಾಮಾನು ಹೊರುವುದು ತಾವೇ. ಸ್ಟುಡಿಯೋ ಸೋವಿಯಾಗಿ ಸಿಗುವ ಅಪರಾತ್ರಿಯಲ್ಲಿ ರೆಕಾರ್ಡಿಂಗು. ಈ ಬಾಳುವೆಗೆ ಅವರಿಟ್ಟ ಹೆಸರು ‘ಇಕಾನೋ’.

1985ರ ಡಿಸೆಂಬರ್ 22ರಂದು ಅರಿಜೋನಾದಲ್ಲಿ ವ್ಯಾನ್ ಅಪಘಾತಕ್ಕೀಡಾಗಿ ಬೂನ್ ತೀರಿಕೊಂಡ. ಅವನಿಗೆ 27 ವರ್ಷ.

ವಾಟ್ ಬೇಸ್ ಕೆಳಗಿಟ್ಟ. ಸಾನಿಕ್ ಯೂತ್ ತಂಡದವರು ಕರೆದು ತಮ್ಮ ಆಲ್ಬಮ್ಮಿನಲ್ಲಿ ನುಡಿಸಲು ಹಚ್ಚಿದರು. ಆಮೇಲೆ ಓಹಾಯೋದಿಂದ ಎಡ್ ಕ್ರಾಫರ್ಡ್ ಎಂಬ ಅಭಿಮಾನಿ ಹುಡುಕಿಕೊಂಡೇ ಬಂದ. ಹಾಗೆ ಹುಟ್ಟಿದ ಫೈರ್‌ಹೋಸ್ ತಂಡ 1994ರವರೆಗೆ ನಡೆಯಿತು. ಬ್ಲ್ಯಾಕ್ ಫ್ಲ್ಯಾಗ್ ತಂಡದಲ್ಲಿದ್ದ ಕೀರಾ ರೋಸ್ಲರ್ ಜತೆಗಿನ ‘ಡಾಸ್’ನಲ್ಲಂತೂ ಎರಡು ಬೇಸ್ ಬಿಟ್ಟರೆ ಬೇರೆ ವಾದ್ಯವೇ ಇಲ್ಲ. 1995ರ ‘ಬಾಲ್-ಹಾಗ್ ಆರ್ ಟಗ್‌ಬೋಟ್?’ ಅವನ ಸ್ವಂತ ಹೆಸರಿನ ಮೊದಲ ಆಲ್ಬಂ. ಎಡ್ಡಿ ವೆಡ್ಡರ್, ಡೇವ್ ಗ್ರೋಲ್‌ನಂಥ ಘಟಾನುಘಟಿಗಳು ಹಾಡಿಗೊಬ್ಬರಂತೆ ಬಂದುಹೋಗುತ್ತಾರೆ, ಬೇಸ್ ಮಾತ್ರ ಕದಲುವುದಿಲ್ಲ. ಇಷ್ಟೊಂದು ತಂಡಗಳೆಂದರೆ ನಿಲ್ಲದ ಕಾಲು ಎಂದು ಕೆಲವರು ಹೇಳಿಯಾರು. ನನಗೆ ಹಾಗನಿಸುವುದಿಲ್ಲ. ಒಳ್ಳೆಯ ಪಕ್ಕವಾದ್ಯದವರು ಒಂದೇ ಋತುವಿನಲ್ಲಿ ಹತ್ತು ವಿದ್ವಾಂಸರ ಜತೆ ಕೂರುವುದಿಲ್ಲವೇ?

2000ರಲ್ಲಿ ಒಳಗಿನ ಕುರುವೊಂದು ನಂಜೇರಿ ವಾಟ್ ಸಾವಿನ ಬಾಗಿಲು ತಟ್ಟಿ ಬಂದ. ವಾರಗಟ್ಟಲೆ ಮಲಗಿ ಎದ್ದಾಗ ಬೆರಳುಗಳಲ್ಲಿ ಕಸುವಿಲ್ಲ. ಕೈ ಪಳಗಿಸಲು ಆರಿಸಿಕೊಂಡದ್ದು ಎಳವೆಯಿಂದ ಪ್ರೀತಿಸಿದ ದ ಸ್ಟೂಜಸ್ ತಂಡದ ಹಾಡುಗಳನ್ನು. ಕೆಲವೇ ಸ್ವರ, ಅದರದೇ ಆವರ್ತನೆ. 2003ರಲ್ಲಿ ಆ ತಂಡ ಕೋಚೆಲ್ಲಾ ಉತ್ಸವದಲ್ಲಿ ಮತ್ತೆ ಒಂದಾದಾಗ, ಅದರ ಗಾಯಕ ಇಗ್ಗಿ ಪಾಪ್‌ನ ಪಕ್ಕ ಬೇಸ್ ಹಿಡಿದವನು ಇವನೇ. ಮಿನಿಟ್‌ಮೆನ್‌ನಲ್ಲಿ ಕ್ಷಣಕ್ಕೊಂದು ತಿರುವು ಕೊಡುತ್ತಿದ್ದವನು ಇಲ್ಲಿ ಒಂದೇ ಸ್ವರಗುಚ್ಛವನ್ನು ನಿಮಿಷಗಟ್ಟಲೆ ಹಿಡಿದು ನಿಲ್ಲಬೇಕಿತ್ತು. ಎರಡರಲ್ಲಿ ಇದೇ ಕಷ್ಟದ ಕೆಲಸವೆಂದು ನನ್ನ ಎಣಿಕೆ.

ಜತೆಗೇ ಸ್ವಂತದ ಕಥನಗಳು. ತಂದೆಯ ನೌಕಾಜೀವನದೊಳಗೆ ಮಿನಿಟ್‌ಮೆನ್ ಕಥೆಯನ್ನೂ ಹೆಣೆದ ಆಲ್ಬಂ 1997ರದು, ಕಾಯಿಲೆಯ ನೆನಪನ್ನು ಡಾಂಟೆಯ ‘ಡಿವೈನ್ ಕಾಮಿಡಿ’ಯ ಚೌಕಟ್ಟಿನಲ್ಲಿಟ್ಟದ್ದು 2004ರದು, ಬಾಷ್ ಎಂಬ ಹಳೆಯ ಡಚ್ ಚಿತ್ರಕಾರನ ವಿಚಿತ್ರ ಜೀವಿಗಳಿಂದ ಹುಟ್ಟಿದ 30 ಪುಟ್ಟ ಹಾಡುಗಳು 2011ರವು.

ಹೊಸಬರು ‘ಡಬಲ್ ನಿಕಲ್ಸ್’ನಿಂದಲೇ ಶುರುಮಾಡಲಿ. ಒಂದು ಹಾಡು ರುಚಿಸದಿದ್ದರೆ ಚಿಂತೆಯಿಲ್ಲ, ಹೆಚ್ಚಾಗಿ ಎರಡು ನಿಮಿಷದೊಳಗೆ ಮುಂದಿನದು ಬಂದಿರುತ್ತದೆ. ‘ಜ್ಯಾಕ್ಯಾಸ್’ ಎಂಬ ಟಿವಿ ಕಾರ್ಯಕ್ರಮ ನೋಡಿದವರಿಗೆ ಅದರ ಶೀರ್ಷಿಕೆ ಸಂಗೀತ ಪರಿಚಿತ; ಅದು ಇದೇ ಆಲ್ಬಮ್ಮಿನ ‘ಕರೋನಾ’.