ಒಂದೇ ಯಕೃತ್ತಿಗೆ ಎರಡು ಹೊರೆ: ಬೂಷ್ಟು ಹಿಡಿದ ಕಡಲೆಕಾಯಿ ಮತ್ತು ಹೆಪಟೈಟಿಸ್ ಬಿ

ಜಪಮಾಲೆಯ ತಿಂಗಳಾದ ಅಕ್ಟೋಬರ್ ಬಂತೆಂದರೆ ಹಿಂದೂಪುರ, ಕಲ್ಯಾಣದುರ್ಗ ಸೀಮೆಯಲ್ಲಿ ಕಡಲೆಕಾಯಿ ಕೀಳುವ ಕಾಲ ಹತ್ತಿರವಾಯಿತೆಂದು ಅರ್ಥ. ಬೆಳೆದದ್ದರಲ್ಲಿ ದಪ್ಪ ಕಾಯಿ ಮಂಡಿಗೆ ಹೋಗುತ್ತದೆ. ಸುಕ್ಕಿದ್ದು, ಒಡೆದದ್ದು, ಬಣ್ಣಗೆಟ್ಟದ್ದು ಮನೆಗೆ ಉಳಿಯುತ್ತದೆ. ಚಟ್ನಿಗೂ ಅದೇ, ಹುರಿದು ಮಕ್ಕಳ ಕೈಗೆ ಕೊಡುವುದೂ ಅದೇ. ಬೆವರು ಸುರಿಸಿ ಬೆಳೆದದ್ದನ್ನು ಎಸೆಯಲು ಯಾವ ರೈತನಿಗೂ ಮನಸ್ಸು ಬಾರದು. ಆದರೆ ಅಪಾಯ ಹೆಚ್ಚಾಗಿ ಅಡಗಿರುವುದು ಈ ಉಳಿಕೆಯಲ್ಲೇ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವು ತಿಂದದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಅಫ್ಲಾಟಾಕ್ಸಿನ್ ಎಂಬ ವಿಷ ಗೊತ್ತಾದದ್ದು ಆಗಲೇ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಈ ವಿಷವನ್ನು ಉಂಟುಮಾಡುತ್ತದೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಇದೇ ವಿಷವಿದ್ದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಿಂದ ತೀರಿಕೊಂಡರು. ನಮ್ಮ ಅನಂತಪುರ ಸೀಮೆ ಮಳೆ ಕಡಿಮೆಯ ನಾಡು. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ಮಣ್ಣು ಕಾದರೆ, ಈ ಬೂಷ್ಟು ನೆಲದೊಳಗೇ ಕಾಯಿಯನ್ನು ಹೊಕ್ಕುತ್ತದೆ.

ದಿನವೂ ಸ್ವಲ್ಪಸ್ವಲ್ಪ ಒಳಗೆ ಹೋಗುವ ವಿಷ ಕೂಡಲೇ ಏನೂ ತೋರಿಸುವುದಿಲ್ಲ. ಅದು ಕೆಲಸ ಮಾಡುವುದು ಯಕೃತ್ತಿನಲ್ಲಿ, ಅಂದರೆ ನಾವು ಲಿವರ್ ಎನ್ನುವ ಅಂಗದಲ್ಲಿ. ಆ ಯಕೃತ್ತಿನಲ್ಲಿ ಮೊದಲೇ ಹೆಪಟೈಟಿಸ್ ಬಿ ವೈರಸ್ ಮನೆ ಮಾಡಿದ್ದರೆ ಏನಾಗುತ್ತದೆ? ಚೀನಾದ ಶಾಂಘಾಯಿಯಲ್ಲಿ ನಡೆದು 1990ರ ದಶಕದ ಮೊದಲಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಎರಡೂ ಇಲ್ಲದವರಿಗೆ ಹೋಲಿಸಿದರೆ, ವಿಷ ಮಾತ್ರ ಇದ್ದವರಿಗೆ ಯಕೃತ್ತಿನ ಕ್ಯಾನ್ಸರಿನ ಅಪಾಯ ಸುಮಾರು 3 ಪಟ್ಟು. ವೈರಸ್ ಮಾತ್ರ ಇದ್ದವರಿಗೆ ಸುಮಾರು 7 ಪಟ್ಟು. ಎರಡೂ ಇದ್ದವರಿಗೆ ಸುಮಾರು 60 ಪಟ್ಟು. ವೈರಸ್ಸಿನಿಂದ ಯಕೃತ್ತಿನ ಜೀವಕೋಶಗಳು ಸಾಯುತ್ತವೆ, ಹೊಸವು ಹುಟ್ಟುತ್ತಲೇ ಇರುತ್ತವೆ. ಹಾಗೆ ಹುಟ್ಟುವ ಕೋಶಗಳ ಬೀಜಗುಣವನ್ನೇ ವಿಷ ಕೆಡಿಸುತ್ತದೆ. ವೈರಸ್ ಇರುವವರಿಗೆ ಸಾರಾಯಿಯೂ ಹೀಗೆಯೇ ಎರಡನೆಯ ಹೊರೆ. ಸಕ್ಕರೆ ಕಾಯಿಲೆಯೊಡನೆ ಬರುವ ಕೊಬ್ಬಿನ ಯಕೃತ್ತೂ ಹೊರೆಯೇ.

ಹೆಪಟೈಟಿಸ್ ಬಿ ಇರುವವರಲ್ಲಿ ಬಹಳ ಮಂದಿಗೆ ಅದು ಇರುವುದೇ ತಿಳಿಯದು. ಹೊಲದಲ್ಲಿ ದುಡಿಯುತ್ತಲೇ ಇರುತ್ತಾರೆ. ತಾಯಿಯಿಂದ ಹೆರಿಗೆಯಲ್ಲಿ ಅಂಟಿದರೆ 100 ಮಕ್ಕಳಲ್ಲಿ 90 ಮಂದಿಗೆ ಅದು ಬಹುಕಾಲ ಉಳಿಯುತ್ತದೆ. ಕಾಮಾಲೆಗೆ ನಾಟಿ ಔಷಧಿ ಕುಡಿದು ಕಣ್ಣಿನ ಹಳದಿ ಹೋದರೆ ರೋಗವೇ ಹೋಯಿತೆಂದು ತಿಳಿಯಬೇಡಿ. ಹಳದಿ ತಾನಾಗಿ ಇಳಿಯುವುದುಂಟು, ವೈರಸ್ ಒಳಗೇ ಉಳಿಯುವುದೂ ಉಂಟು.

ಹಾಗಾದರೆ ರೈತ ಕುಟುಂಬಗಳು ಮಾಡಬೇಕಾದದ್ದೇನು?

ಹೊಲದಲ್ಲಿ: ಬಲಿತ ಕೂಡಲೇ ಕೀಳಿರಿ. ಗುದ್ದಲಿ, ಕುಂಟೆಯ ಏಟಿಗೆ ಕಾಯಿ ಒಡೆಯದಂತೆ ನೋಡಿಕೊಳ್ಳಿ. ಕಾಯಿ ಮೇಲಾಗಿ ಬರುವಂತೆ ಗಿಡ ತಿರುವಿ ಒಣಗಿಸಿ. ಅಲ್ಲಾಡಿಸಿದರೆ ಒಳಗೆ ಬೀಜ ಸದ್ದು ಮಾಡಬೇಕು. ಹಸಿಯಾಗಿ ಬಣವೆ ಹಾಕಬೇಡಿ. ಸುಲಿಯಲು ಸುಲಭವೆಂದು ಕಾಯಿಗೆ ನೀರು ಚಿಮುಕಿಸಬೇಡಿ. ಬೂಷ್ಟಿಗೆ ಅದೇ ಆಹ್ವಾನ. ಮೂಟೆಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಿ.

ಮನೆಯಲ್ಲಿ: ಸುಕ್ಕಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಬೀಜವನ್ನು ಆರಿಸಿ ತೆಗೆಯಿರಿ. ಹುರಿದರೂ ಬೇಯಿಸಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ರೂತಳಂತೆ ಹೊಲದಲ್ಲಿ ಹಕ್ಕಲು ಆಯುವ ಬಡವರ ಮಡಿಲಿಗೆ ಬೀಳುವುದು ಮಣ್ಣಲ್ಲಿ ಹೆಚ್ಚು ದಿನ ಉಳಿದ ಕಾಯಿ. ಅದರಲ್ಲಿ ವಿಷದ ಸಂಭವ ಹೆಚ್ಚು. ಅವರಿಗೂ ಇದನ್ನು ತಿಳಿಸಿ. ಕೆಟ್ಟದ್ದನ್ನು ಗಾಣಕ್ಕೂ ಹಾಕಬೇಡಿ. ಕೆಟ್ಟ ಹಿಂಡಿ ತಿಂದ ಹಸುವಿನ ಹಾಲಿಗೂ ವಿಷ ಇಳಿಯುತ್ತದೆ.

ಆಸ್ಪತ್ರೆಯಲ್ಲಿ: ಮನೆಮಂದಿಯೆಲ್ಲ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಗರ್ಭಿಣಿಯರು ತಪ್ಪದೆ ಮಾಡಿಸಬೇಕು. ಕೂಸು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಬೀಳಲಿ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಈ ಲಸಿಕೆಯನ್ನು ದೇಶದಲ್ಲೇ ತಯಾರಿಸಿದ ಮೇಲೆ ಅದರ ಬೆಲೆ ಬಹಳ ಇಳಿಯಿತು; ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳಿಗೆ ಉಚಿತ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಎರಡೂ ಉಚಿತ. ಹೆಪಟೈಟಿಸ್ ಸಿ ಆದರೆ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಿಂದ ವಾಸಿಯಾಗುತ್ತದೆ. ಬಿ ಆದರೆ ಹತೋಟಿಯಲ್ಲಿಡಬಹುದು. ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬಾರದು.

ರೋಗ ಇದೆಯೆಂದು ತಿಳಿದವರನ್ನು ದೂರ ಇಡುವುದು ಕ್ರೈಸ್ತರಿಗೆ ತಕ್ಕದ್ದಲ್ಲ. ಜೊತೆಯಲ್ಲಿ ಕೂತು ಉಂಡರೆ, ಕೈ ಹಿಡಿದರೆ ಹೆಪಟೈಟಿಸ್ ಬಿ ಅಂಟುವುದಿಲ್ಲ. ರಕ್ತ, ಸೂಜಿ, ಕ್ಷೌರದ ಬ್ಲೇಡು, ದೈಹಿಕ ಸಂಪರ್ಕದಿಂದ ಅಂಟುತ್ತದೆ.

ಒಳ್ಳೆಯದನ್ನೆಲ್ಲ ಮಂಡಿಗೆ ಕಳಿಸಿ ಕೆಟ್ಟದ್ದನ್ನು ಮಕ್ಕಳಿಗೆ ಉಳಿಸುವ ರೂಢಿಯನ್ನು ಈ ಸುಗ್ಗಿಯಿಂದಲೇ ಬಿಡೋಣ. ಮೊದಲು ಒಂದು ಮೂಟೆ ಒಳ್ಳೆಯ ಕಾಯಿ ಮನೆಗೆ ತೆಗೆದಿಟ್ಟು, ಆಮೇಲೆ ಗಾಡಿ ಕಟ್ಟೋಣ.