ಡೋಲಿಗೊಂದು ನ್ಯಾಯ, ಡಿಜೆಗೊಂದು ನ್ಯಾಯ

ಬ್ರಹ್ಮಾವರದಿಂದ ಬೈಂದೂರಿನವರೆಗೆ ಡಿಜೆ ಇಲ್ಲದ ಮೆಹಂದಿ ಈಗ ಅಪರೂಪ. ಗಂಟೆ ಹತ್ತು ದಾಟಿದರೆ ಹೆಚ್ಚೆಂದರೆ ‘ಸೌಂಡ್ ಸ್ವಲ್ಪ ಕಡಿಮೆ ಮಾಡಿ ಮಾರಾಯ್ರೆ’ ಎಂಬ ಮಾತು ಬರುತ್ತದೆ. ಆದರೆ 2021ರ ಡಿಸೆಂಬರ್ 27ರ ರಾತ್ರಿ ಕೋಟತಟ್ಟಿನ ಬಾರಿಕೆರೆಯಲ್ಲಿ, ಬುಡಕಟ್ಟು ಸಮುದಾಯವಾದ ಕೊರಗರ ಕಾಲೊನಿಯ ಮೆಹಂದಿಗೆ ಪೊಲೀಸರ ಲಾಠಿಯೇ ಬಂತು. ಮದುಮಗನಿಗೂ ಪೆಟ್ಟು, ಹೆಂಗಸರಿಗೂ ಪೆಟ್ಟು.

ಎಸ್‌ಐ ಅಮಾನತಾದರು. ಬೆನ್ನಿಗೇ, ಪೊಲೀಸರ ಕರ್ತವ್ಯಕ್ಕೆ ಅಡ್ಡಿಪಡಿಸಿದರೆಂದು ಪೆಟ್ಟು ತಿಂದವರ ಮೇಲೆಯೇ ಕೇಸು ಬಿತ್ತು. ಆಗಿನ ಗೃಹಸಚಿವ ಆರಗ ಜ್ಞಾನೇಂದ್ರ ಕಾಲೊನಿಗೆ ಬಂದರು, ತನಿಖೆ ಸಿಐಡಿಗೆ ಹೋಯಿತು. ಸಮಾಜ ಕಲ್ಯಾಣ ಸಚಿವರಾಗಿದ್ದ ಕೋಟ ಶ್ರೀನಿವಾಸ ಪೂಜಾರಿಯವರ ಊರೂ ಅದೇ. ಮಂತ್ರಿಗಳಿಲ್ಲದ ಊರಾಗಿದ್ದರೆ ಸುದ್ದಿ ಕಾಲೊನಿಯ ಬೇಲಿ ದಾಟುತ್ತಿತ್ತೇ?

ಈ ಕರಾವಳಿಗೆ ಕೊರಗರ ಸದ್ದು ಹೊಸದಲ್ಲ. ಕಂಬಳದ ಹಿಂದಿನ ರಾತ್ರಿ ಚಳಿಯಲ್ಲಿ ಕೂತು ಬೆಳಗಿನವರೆಗೆ ಡೋಲು ಬಡಿಯಬೇಕಿತ್ತು. ಕೋಣ ಇಳಿಯುವ ಮೊದಲು ಕೆಸರುಗದ್ದೆಯಲ್ಲಿ ಅವರನ್ನೇ ಓಡಿಸುವುದಿತ್ತು. ಇನ್ನೊಬ್ಬರ ಅನಿಷ್ಟ ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದಿತ್ತು. ಇದೇ ಅಜಲು. ಕರ್ನಾಟಕ ಇದನ್ನು ಕಾನೂನಿನಿಂದ ನಿಷೇಧಿಸಿದ್ದು 2000ದಲ್ಲಿ. ರಾತ್ರಿ ಹತ್ತರ ನಂತರದ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿದ ಕೇಂದ್ರದ ನಿಯಮವೂ ಅದೇ ವರ್ಷದ್ದು. ಎರಡನೆಯದು ಬಾರಿಕೆರೆಯಲ್ಲಿ ಎಷ್ಟು ಚುರುಕಾಗಿ ಜಾರಿಯಾಯಿತೆಂದು ನೋಡಿದೆವಲ್ಲ.

ಕಾನೂನಿಗೆ ಬರವಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ತನಿಖೆ ನಡೆಸುವಂತಿಲ್ಲ. ಸಂತ್ರಸ್ತರಿಗೆ ಪರಿಹಾರವೂ ಇದೆ. ಆದರೆ ಹೊಡೆದವರು ಪೊಲೀಸರೇ ಆದಾಗ ದೂರು ಹಿಡಿದು ಹೋಗುವುದೂ ಅದೇ ಠಾಣೆಗೆ. ಬೀಳು ತಂದು ಬುಟ್ಟಿ ಹೆಣೆದು ಬದುಕುವವರಿಗೆ, ಪೌರಕಾರ್ಮಿಕರಾಗಿ ದುಡಿಯುವವರಿಗೆ, ಆ ಮೆಟ್ಟಿಲು ಹತ್ತುವುದೆಂದರೆ ಒಂದು ದಿನದ ಸಂಪಾದನೆಯೂ ಹೋಯಿತು, ನಾಳೆಯ ನೆಮ್ಮದಿಯೂ ಹೋಯಿತು. ಕಾಲೊನಿಯ ತುಂಡು ಜಾಗದಲ್ಲೇ ಬದುಕುವವರು ಊರವರನ್ನು ಎದುರು ಹಾಕಿಕೊಳ್ಳುವುದಾದರೂ ಹೇಗೆ? ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಿ ಎಂದ ಮಹಮ್ಮದ್ ಪೀರ್ ವರದಿಯನ್ನು ಕೊರಗರ ಸಂಘಟನೆಗಳು ಇಂದಿಗೂ ಬಿಡದೆ ಹಿಡಿದಿರುವುದು ಇದಕ್ಕೇ. ಭೂಮಿ ಇಲ್ಲದ ಕಡೆ ಸುರಕ್ಷತೆಯ ಮಾತು ಬರೀ ಮಾತು.

ಸದ್ಯಕ್ಕೆ ಆಗಬಹುದಾದದ್ದೊಂದಿದೆ. ದೌರ್ಜನ್ಯ ತಡೆ ನಿಯಮದ ಪ್ರಕಾರ ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು. ಉಪವಿಭಾಗಕ್ಕೂ ಪ್ರತ್ಯೇಕ ಸಮಿತಿಯಿದೆ. ಜಿಲ್ಲಾಧಿಕಾರಿ ಕಚೇರಿಯಿರುವ ಮಣಿಪಾಲದ ರಜತಾದ್ರಿಯ ಎಸಿ ಸಭಾಂಗಣದ ಬದಲು ಒಂದೊಂದು ಸಭೆ ಬೈಂದೂರು, ಕುಂದಾಪುರ, ಬ್ರಹ್ಮಾವರದ ಒಂದೊಂದು ಕಾಲೊನಿಯಲ್ಲಿ, ಸಂಜೆ ಕೆಲಸ ಮುಗಿದ ಮೇಲೆ ನಡೆಯಲಿ. ಠಾಣೆಯ ಎಸ್‌ಐ ಅಲ್ಲೇ ಕೂತು, ಬಾಕಿ ಇರುವ ಪ್ರಕರಣಗಳನ್ನು ಎಲ್ಲರೆದುರು ಓದಿ ಹೇಳಲಿ.