ಜಾಕ್ ಪ್ಲಾಂಟ್ ಅವರ ಮುಖಕವಚ

1959ರ ನವೆಂಬರ್ 1ರ ರಾತ್ರಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಐಸ್ ಹಾಕಿ ಪಂದ್ಯವೊಂದರಲ್ಲಿ ರೇಂಜರ್ಸ್ ತಂಡದ ಆಂಡಿ ಬಾತ್‌ಗೇಟ್ ಹೊಡೆದ ಪಕ್, ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಗೋಲ್‌ಕೀಪರ್ ಜಾಕ್ ಪ್ಲಾಂಟ್ ಅವರ ಮುಖಕ್ಕೆ ಬಡಿಯಿತು. ಹೊಲಿಗೆ ಹಾಕಿಸಿಕೊಂಡ ಪ್ಲಾಂಟ್, ಮುಖಕವಚವಿಲ್ಲದೆ ಇನ್ನು ಆಡುವುದಿಲ್ಲ ಎಂದು ಪಟ್ಟು ಹಿಡಿದರು. ಅಭ್ಯಾಸದಲ್ಲಿ ಅವರು ಅದನ್ನು ಧರಿಸುತ್ತಿದ್ದರು. ಪಂದ್ಯದಲ್ಲಿ ಮಾತ್ರ ಕೋಚ್ ಟೋ ಬ್ಲೇಕ್ ಬಿಡುತ್ತಿರಲಿಲ್ಲ. ಆಗ ತಂಡದ ಜೊತೆ ಎರಡನೇ ಗೋಲ್‌ಕೀಪರ್ ಇರುವ ಪದ್ಧತಿಯೇ ಇರಲಿಲ್ಲವಾದ್ದರಿಂದ ಬ್ಲೇಕ್ ಮಣಿಯಬೇಕಾಯಿತು. ಮಾಂಟ್ರಿಯಲ್ 3-1ರಿಂದ ಗೆದ್ದಿತು.

ಮುಖ ಮುಚ್ಚಿಕೊಳ್ಳುವುದು ಅಂಜುಬುರುಕತನ ಎಂಬ ನಂಬಿಕೆ ಆ ಆಟದಲ್ಲಿ ಬೇರೂರಿತ್ತು. ಆದರೆ ಇದು ಎದೆಗಾರಿಕೆಯ ವಿಷಯವೇ ಅಲ್ಲ, ಮೂಳೆ ಎಷ್ಟು ತಡೆದೀತು ಎಂಬ ಲೆಕ್ಕ. ಪಕ್ ಎಂದರೆ ಗಂಧಕ ಸೇರಿಸಿ ಗಟ್ಟಿಮಾಡಿದ ರಬ್ಬರಿನ ಬಿಲ್ಲೆ, ತೂಕ ಸುಮಾರು 170 ಗ್ರಾಂ. ಮಂಜುಗಡ್ಡೆಯ ಮೇಲೆ ಪುಟಿಯದೆ ಜಾರಲಿ ಎಂದು ಪಂದ್ಯಕ್ಕೆ ಮುಂಚೆ ಅದನ್ನು ಹೆಪ್ಪುಗಟ್ಟಿಸುವಷ್ಟು ತಂಪಾಗಿಸುತ್ತಾರೆ. ತಂಪಾದಷ್ಟೂ ರಬ್ಬರ್ ಬಿಗಿಯುತ್ತದೆ, ಬಡಿದಾಗ ತಾನು ಅಮುಕಿಕೊಳ್ಳುವುದು ಕಡಿಮೆಯಾಗುತ್ತದೆ. ಗಂಟೆಗೆ 150 ಕಿ.ಮೀ. ವೇಗದಲ್ಲಿ ಅದರ ಚಲನಶಕ್ತಿ ಸುಮಾರು 148 ಜೌಲ್. 15 ಕಿಲೋ ತೂಕದ ಅಕ್ಕಿಮೂಟೆ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಒಂದು ಮಿಲಿಸೆಕೆಂಡಿನಲ್ಲಿ ಅದು ನಿಂತುಬಿಟ್ಟಿತು ಎಂದಿಟ್ಟುಕೊಂಡರೆ ಸರಾಸರಿ ಬಲ ಸುಮಾರು 7,000 ನ್ಯೂಟನ್. ಅಷ್ಟೂ ಬಲ ಬಿಲ್ಲೆಯ ಅಂಚಿನಿಂದ ಕೆನ್ನೆಮೂಳೆಯ ಒಂದಿಷ್ಟೇ ಜಾಗದ ಮೇಲೆ ಬಿದ್ದರೆ ಮೂಳೆ ಉಳಿಯುವುದು ಕಷ್ಟ. ಪ್ಲಾಂಟ್ ಅವರ ಮೂಗು, ಕೆನ್ನೆಮೂಳೆಗಳು ಅದಾಗಲೇ ಮುರಿದು ಕೂಡಿಕೊಂಡಿದ್ದವು.

1930ರಲ್ಲೇ ಗೋಲ್‌ಕೀಪರ್ ಕ್ಲಿಂಟ್ ಬೆನೆಡಿಕ್ಟ್ ತೊಗಲಿನ ಕವಚ ತೊಟ್ಟು ಆಡಿ, ಬೇಗನೆ ಬಿಟ್ಟುಬಿಟ್ಟಿದ್ದರು. ಪ್ಲಾಂಟ್ ಅವರಿಗೆ ಸಿಕ್ಕಿದ್ದು ಬಿಲ್ ಬರ್ಚ್‌ಮೋರ್ ರೂಪಿಸಿದ ಫೈಬರ್‌ಗ್ಲಾಸ್ ಕವಚ. ಅದರಲ್ಲಿ ಎಳೆತವನ್ನು ತಡೆಯುವುದು ಗಾಜಿನ ಎಳೆಗಳು. ರಾಳ ಆ ಎಳೆಗಳನ್ನು ಬಿಗಿದಿಟ್ಟು, ಒಂದರ ಮೇಲಿನ ಹೊರೆಯನ್ನು ಪಕ್ಕದವಕ್ಕೆ ಹಂಚುತ್ತದೆ. ಒಂದು ಎಳೆ ಕಡಿದರೂ ಬಿರುಕು ಸುಲಭವಾಗಿ ಮುಂದೆ ಸಾಗುವುದಿಲ್ಲ. ಮುಖದ ಅಚ್ಚು ತೆಗೆದು ಅದರ ಮೇಲೆಯೇ ರೂಪಿಸಿದ್ದರಿಂದ ಒಂದೆಡೆ ಬಿದ್ದ ಪೆಟ್ಟು ಹಣೆ, ಕೆನ್ನೆ, ಗಲ್ಲಕ್ಕೆಲ್ಲ ಹರಡುತ್ತಿತ್ತು.

ಕೊರತೆ ಇದ್ದದ್ದೂ ಅಲ್ಲೇ. ಮುಖಕ್ಕೆ ಅಂಟಿಕೊಂಡ ಕವಚ ಬಲವನ್ನು ಹೆಚ್ಚು ಜಾಗಕ್ಕೆ ಹಂಚಬಲ್ಲದು. ಪಕ್ ನಿಲ್ಲಲು ಬೇಕಾದ ಹೊತ್ತನ್ನು ಅಷ್ಟಾಗಿ ಹಿಗ್ಗಿಸಲಾರದು. ಮೂಳೆ ಉಳಿದರೂ ತಲೆ ತಟ್ಟನೆ ಹಿಂದಕ್ಕೆ ಜರುಗುತ್ತದೆ, ಒಳಗೆ ದ್ರವದಲ್ಲಿ ತೇಲುವ ಮಿದುಳು ಹೊಯ್ದಾಡುತ್ತದೆ. 1970ರಲ್ಲಿ, ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ಆದದ್ದು ಇದೇ. ಆಗ ಸೇಂಟ್ ಲೂಯಿಸ್ ಬ್ಲೂಸ್ ತಂಡದಲ್ಲಿದ್ದ, 41 ವರ್ಷದ ಪ್ಲಾಂಟ್, ಬಾಸ್ಟನ್ ವಿರುದ್ಧ ಪಕ್ ಹಣೆಗೆ ಬಡಿದು ಪ್ರಜ್ಞೆ ತಪ್ಪಿ ಬಿದ್ದರು. ಕವಚ ಒಡೆಯಿತು. ಅದಿಲ್ಲದಿದ್ದರೆ ತಾವು ಬದುಕುತ್ತಿರಲಿಲ್ಲ ಎಂದು ಆಮೇಲೆ ಅವರೇ ಹೇಳಿದರು.

ಮುಂದಿನ ಪೀಳಿಗೆಯ ಕವಚಗಳು ಮುಖದಿಂದ ದೂರ ಸರಿದವು. ಹೆಲ್ಮೆಟ್, ಅದರ ಮುಂದೆ ತಂತಿಯ ಪಂಜರ, ಒಳಗೆ ಫೋಮ್. ಫೋಮ್ ಕುಗ್ಗುತ್ತಾ ಪೆಟ್ಟನ್ನು ಕೆಲವು ಮಿಲಿಸೆಕೆಂಡಿಗೆ ಎಳೆಯುತ್ತದೆ. ಹೊತ್ತು ಇಮ್ಮಡಿಯಾದರೆ ಸರಾಸರಿ ಬಲ ಅರ್ಧಕ್ಕಿಳಿಯುತ್ತದೆ. ಆದರೂ ತಲೆ ತಿರುಗುವ ರಭಸವನ್ನು ಯಾವ ಫೋಮ್ ಕೂಡ ಪೂರ್ತಿ ತಡೆಯಲಾರದು. ಮಿದುಳಿನ ಆಘಾತ ಐಸ್ ಹಾಕಿಯಲ್ಲಿ ಇಂದಿಗೂ ಉಳಿದಿರಲು ಇದೂ ಒಂದು ಕಾರಣ.

ಪ್ಲಾಂಟ್ ಮಾಂಟ್ರಿಯಲ್‌ಗೆ 1956ರಿಂದ 1960ರವರೆಗೆ ಸತತ ಐದು ಸ್ಟ್ಯಾನ್ಲಿ ಕಪ್ ಗೆಲ್ಲಿಸಿಕೊಟ್ಟವರು, ಗೋಲ್‌ಕೀಪರ್‌ಗಳಿಗೆ ಮೀಸಲಾದ ವೆಜಿನಾ ಪ್ರಶಸ್ತಿಯನ್ನು ಏಳು ಸಲ ಪಡೆದವರು. ಅಂಥವರೇ ಕವಚ ತೊಟ್ಟ ಮೇಲೆ ಅಂಜಿಕೆಯ ಮಾತಿಗೆ ಬೆಲೆ ಉಳಿಯಲಿಲ್ಲ. 1974ರಲ್ಲಿ ಪಿಟ್ಸ್‌ಬರ್ಗ್‌ನ ಗೋಲ್‌ಕೀಪರ್ ಆಂಡಿ ಬ್ರೌನ್ ಬರಿಮುಖದಲ್ಲಿ ಆಡಿದ್ದೇ ಎನ್‌ಎಚ್‌ಎಲ್‌ನಲ್ಲಿ ಕೊನೆ.